ಹಳೆಯ ಕಾಫಿ ಕ್ಯೂರಿಂಗ್ ಆವರಣದ ಮಣ್ಣು: ಆರನೆಯ ತಿಂಗಳ ಪ್ರಗತಿ

ಚಿಕ್ಕಮಗಳೂರಿನಲ್ಲಿ ನಮ್ಮ ಅಜ್ಜ ನಡೆಸುತ್ತಿದ್ದ ಕಾಫಿ ಕ್ಯೂರಿಂಗ್ ಆವರಣ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಜಾಗ, ಬಾಗಿಲು ಹಾಕಿ ಎಷ್ಟೋ ವರ್ಷಗಳಾಗಿವೆ. ಆ 20 ಗುಂಟೆ ಜಾಗದಲ್ಲಿ ಈಗ ಉಳಿದಿರುವುದು ಗೋದಾಮು, ಬಿರುಕು ಬಿಟ್ಟ ಸಿಮೆಂಟಿನ ಕಣ ಮತ್ತು ಒಂದು ಬಾವಿ. ಗೋದಾಮನ್ನು ವಾಚನಾಲಯವಾಗಿಸಿ, ಕಣದ ಸುತ್ತ ಮಕ್ಕಳಿಗೊಂದು ತೋಟ ಮಾಡಬೇಕೆಂಬುದು ನನ್ನ ಮತ್ತು ತಂಗಿಯ ಆಸೆ. ಜೆಸಿಬಿ ತಂದು ಎರಡೇ ದಿನದಲ್ಲಿ ಸಮತಟ್ಟು ಮಾಡಿಕೊಡುತ್ತೇವೆ ಎಂದವರಿದ್ದರು, ನಾವು ಒಪ್ಪಲಿಲ್ಲ. ಎಲ್ಲಿ ಏನು ಇಂಗಿದೆಯೆಂದು ತಿಳಿಯದೆ ಮಣ್ಣು ಕದಲಿಸಿದರೆ, ಒಂದು ಮೂಲೆಯ ವಿಷವನ್ನು ನಾವೇ ಇಡೀ ಜಾಗಕ್ಕೆ ಹರಡಿದಂತಾಗುತ್ತದೆ.

ಕೆಲಸ ಶುರುವಾದದ್ದು ನೆನಪಿನಿಂದ. ಮೂವತ್ತು ವರ್ಷ ಇಲ್ಲಿ ದುಡಿದ ಮೇಸ್ತ್ರಿಯವರನ್ನು ಕರೆತಂದೆವು. ಅವರು ಊರುಗೋಲಿನಿಂದ ನೆಲ ಮುಟ್ಟಿ ತೋರಿಸುತ್ತ ಹೋದರು: "ಇಲ್ಲೇ ಗೌಡ್ರೆ, ಪಂಪು ರಿಪೇರಿ ಮಾಡಿ ಉಳಿದ ತುತ್ತದ ನೀರು ಚೆಲ್ತಿದ್ವಿ. ಆ ಹಲಸಿನ ಮರದ ಬುಡದಲ್ಲಿ ಡೀಸೆಲ್ ಟ್ಯಾಂಕು. ಪುಡಿ ಔಷಧಿ ಮೂಟೆ ಒಡೆದ್ರೆ ಗೋದಾಮಿನ ಹಿಂದೆ ಗುಡಿಸಿ ಹಾಕ್ತಿದ್ವಿ." ಕಾಫಿಯ ತುಕ್ಕು ರೋಗಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನೂ ಬಿಳಿ ಕಾಂಡಕೊರಕ ಹುಳಕ್ಕೆ ಲಿಂಡೇನ್ ಎಂಬ ಕೀಟನಾಶಕವನ್ನೂ ಬಳಸುತ್ತಿದ್ದ ಕಾಲವದು. ಅಜ್ಜ ಸುತ್ತಲಿನ ಬೆಳೆಗಾರರಿಗೆ ಇವನ್ನೆಲ್ಲ ಮಾರುತ್ತಲೂ ಇದ್ದರು. ಲಿಂಡೇನ್ ಸೇರಿದಂತೆ ಹಲವು ರೂಪಗಳು ಬೆರೆತಿರುವ ಬಿ.ಎಚ್.ಸಿ. ಎಂಬ ಕೀಟನಾಶಕದ ಬಳಕೆ 1997ರಲ್ಲಿ ನಿಂತಿತು, ಲಿಂಡೇನ್ 2013ರಲ್ಲಿ. ಬಳಕೆ ನಿಂತರೂ ನೆಲಕ್ಕೆ ಬಿದ್ದದ್ದು ಅಲ್ಲೇ ಉಳಿಯುತ್ತದೆ, ಬಿ.ಎಚ್.ಸಿ.ಯ ಬೀಟಾ ರೂಪವಂತೂ ಬೇಗ ಕರಗಿ ಹೋಗುವ ಜಾತಿಯದಲ್ಲ.

ಜಾಗವನ್ನು ಹತ್ತು ಮೀಟರ್ ಉದ್ದಗಲದ ಚೌಕಗಳಾಗಿ ಗುರುತಿಸಿದೆವು. ಒಂದು ಚೌಕವೆಂದರೆ ಹೆಚ್ಚುಕಡಿಮೆ ಒಂದು ಗುಂಟೆಯಾದ್ದರಿಂದ ಲೆಕ್ಕ ಸುಲಭವಾಯಿತು. ಪ್ರತಿ ಚೌಕದಲ್ಲೂ ಮೇಲಿನ 15 ಸೆಂ.ಮೀ. ಮಣ್ಣನ್ನೂ ಅದರ ಕೆಳಗಿನ ಪದರವನ್ನೂ ಬೇರೆ ಬೇರೆಯಾಗಿ ತೆಗೆದೆವು. ಹೋಲಿಕೆಗೆಂದು ಯಾರೂ ಏನೂ ಚೆಲ್ಲದ ಬೇಲಿಯಾಚೆಯ ಮಣ್ಣನ್ನೂ ಸೇರಿಸಿದೆವು. ಮೊದಲ ಸುತ್ತಿನಲ್ಲಿ ನಾನು ತಪ್ಪು ಮಾಡಿದೆ. ಕೀಟನಾಶಕದ ಪರೀಕ್ಷೆಗೆ ಹೋಗಬೇಕಿದ್ದ ಮಾದರಿಗಳನ್ನೂ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದ್ದೆ, ಪ್ರಯೋಗಾಲಯದವರು ಹಿಂದಿರುಗಿಸಿದರು. ಲೋಹದ ಪರೀಕ್ಷೆಗೆ ಚೀಲ ನಡೆಯುತ್ತದೆ, ಕೀಟನಾಶಕಕ್ಕೆ ಗಾಜಿನ ಬಾಟಲಿಯೇ ಆಗಬೇಕು, ಐಸ್ ಪೆಟ್ಟಿಗೆಯಲ್ಲೇ ಸಾಗಿಸಬೇಕು. ಒಂದು ತಿಂಗಳು ಹಾಗೇ ಹೋಯಿತು.

ಫಲಿತಾಂಶ ಬಂದಾಗ ಮೇಸ್ತ್ರಿಯವರ ಊರುಗೋಲು ತೋರಿಸಿದ್ದು ಬಹುತೇಕ ನಿಜವಾಗಿತ್ತು. ಪಂಪು ರಿಪೇರಿಯ ಚೌಕದಲ್ಲಿ ತಾಮ್ರ, ಬೇಲಿಯಾಚೆಯ ಮಣ್ಣಿಗಿಂತ ಹಲವು ಪಟ್ಟು ಹೆಚ್ಚು. ತಾಮ್ರ ಜೇಡಿಗೂ ಸಾವಯವ ಅಂಶಕ್ಕೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಆದರೆ ಮಲೆನಾಡಿನ ಹುಳಿ ಮಣ್ಣಿನಲ್ಲಿ ಆ ಹಿಡಿತ ಸಡಿಲವಾಗುತ್ತದೆ. ಹಾಗಾಗಿ ಅಲ್ಲಿ ಸುಣ್ಣ ಮತ್ತು ಕಾಂಪೋಸ್ಟ್ ಬೆರೆಸಿ, ಮೇಲೆ ಕಲ್ಲು ಹಾಸಿ ವಾಹನ ನಿಲ್ಲಿಸುವ ಜಾಗ ಮಾಡುವುದೆಂದು ನಿರ್ಧರಿಸಿದ್ದೇವೆ.

ಡೀಸೆಲ್ ಮಣ್ಣಿನ ಕೆಲಸ ನನಗೆ ಹೆಚ್ಚು ಭರವಸೆ ಕೊಟ್ಟಿದೆ. ಡೀಸೆಲನ್ನು ತಿಂದು ಬದುಕುವ ಬ್ಯಾಕ್ಟೀರಿಯಾ ಮಣ್ಣಿನಲ್ಲೇ ಇರುತ್ತವೆ. ಅವಕ್ಕೆ ಬೇಕಾದ್ದು ಗಾಳಿ, ತೇವ, ಸಾರಜನಕ, ರಂಜಕ. ಇಂಗಾಲ, ಸಾರಜನಕ, ರಂಜಕಗಳು 100:10:1ರ ಪ್ರಮಾಣದಲ್ಲಿರುವಂತೆ ಯೂರಿಯಾ ಮತ್ತು ಸೂಪರ್ ಫಾಸ್ಫೇಟ್ ಬೆರೆಸಿ, ದಪ್ಪ ಹಾಳೆಯ ಮೇಲೆ ಗುಡ್ಡೆ ಹಾಕಿ, ತೂತು ಕೊರೆದ ಪಿವಿಸಿ ಪೈಪುಗಳನ್ನು ಒಳಗೆ ಹಾಯಿಸಿ, ಟಾರ್ಪಾಲು ಹೊದಿಸಿದೆವು. ಕಳೆದ ವಾರ ಬಿಚ್ಚಿ ನೋಡಿದಾಗ ಅಂಚಿನ ಮಣ್ಣು ಕೆಂಪಗೆ, ಉದುರುದುರಾಗಿ, ಮೊದಲ ಮಳೆಯ ವಾಸನೆ ಕೊಡುತ್ತಿತ್ತು. ನಡುವೆ ಪೈಪು ತಲುಪದ ಕಡೆ ಬೂದುಬಣ್ಣದ ಹೆಂಟೆಗಳು, ಮುರಿದರೆ ಇನ್ನೂ ಡೀಸೆಲ್ ವಾಸನೆ. ಅದನ್ನು ತಿರುವಿ ಹಾಕಿ ಇನ್ನೆರಡು ಪೈಪು ಸೇರಿಸಿದೆವು. ವಾಸನೆ ಹೋಯಿತೆಂದ ಮಾತ್ರಕ್ಕೆ ಮಣ್ಣು ಶುದ್ಧವಾಯಿತೆಂದು ನಂಬುವಂತಿಲ್ಲ, ಹಗುರ ಅಂಶ ಬರಿದೆ ಗಾಳಿಗೂ ಹೋಗಿರಬಹುದು. ಪರೀಕ್ಷೆ ಮತ್ತೆ ಮಾಡಿಸಬೇಕು.

ಗೋದಾಮಿನ ಹಿಂದಿನ ಎರಡು ಚೌಕಗಳಿಗೆ ನಾವು ಕೈ ಹಾಕಿಲ್ಲ. ಅಲ್ಲಿ ಬಿ.ಎಚ್.ಸಿ. ಸಿಕ್ಕಿದೆ, ಅದು ಮನೆಮಂದಿ ಸಲಿಕೆ ಹಿಡಿದು ತೆಗೆಯುವ ವಸ್ತುವಲ್ಲ. ಬೇಲಿ ಹಾಕಿ, ಮಳೆನೀರು ಹರಿದು ಹೋಗದಂತೆ ಮೇಲೆ ಹಾಳೆ ಹೊದಿಸಿ, ಜಿಲ್ಲಾಡಳಿತಕ್ಕೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರೆದು ತಿಳಿಸಿದ್ದೇವೆ. ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಹೊರಡಿಸಿದ ಕಲುಷಿತ ತಾಣಗಳ ನಿರ್ವಹಣಾ ನಿಯಮಗಳ ಪ್ರಕಾರ ಶಂಕಿತ ಜಾಗಗಳನ್ನು ಜಿಲ್ಲಾಡಳಿತ ಗುರುತಿಸಬೇಕು, ಮಂಡಳಿ ಪ್ರಾಥಮಿಕ ಪರಿಶೀಲನೆ ನಡೆಸಬೇಕು, ವೆಚ್ಚವನ್ನು ಮಾಲಿನ್ಯ ಮಾಡಿದವರು ಭರಿಸಬೇಕು. ನಮ್ಮ ಮಟ್ಟಿಗೆ ಅದು ನಮ್ಮ ಮನೆತನವೇ, ಅದಕ್ಕೆ ತಕರಾರಿಲ್ಲ. ಈ ಇಳಿಜಾರಿನ ನೀರು ಕಡೆಗೆ ಸೇರುವುದು ಯಗಚಿ ನದಿಯನ್ನು.

ಮಕ್ಕಳ ತೋಟವನ್ನು ನಕ್ಷೆಯಲ್ಲಿ ಪೂರ್ವದ ಬೇಲಿಗೆ ಸರಿಸಿದ್ದೇವೆ. ಅಲ್ಲಿನ ನಾಲ್ಕು ಚೌಕಗಳಲ್ಲಿ ಯಾವುದೂ ಹೆಚ್ಚಿಲ್ಲ. ಬಾವಿಯ ನೀರನ್ನು ಏಪ್ರಿಲ್‌ನಲ್ಲಿ ಎತ್ತಿದಾಗ ಮೇಲೆ ತೆಳುವಾದ ಎಣ್ಣೆ ಪದರ ಮಿನುಗುತ್ತಿತ್ತು. ಡೀಸೆಲ್ ನೀರಿಗಿಂತ ಹಗುರ, ತೇಲುತ್ತದೆ. ರಾಟೆಗೆ ಬೀಗ ಹಾಕಿದ್ದೇವೆ. ಮಳೆ ನಿಂತು ನೀರಿನ ಮಟ್ಟ ಇಳಿದ ಮೇಲೆ ಮತ್ತೊಮ್ಮೆ ನೀರೆತ್ತಿ, ಗುಡ್ಡೆಯ ಮಣ್ಣಿನ ಜೊತೆಗೇ ಪರೀಕ್ಷೆಗೆ ಕಳುಹಿಸುತ್ತೇವೆ.