ನೆಲದೊಳಗೆ ಮನೆ ಕಟ್ಟಿದ ಬಾಲ್ಡಸಾರೆ

ಒಂದು ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೋಗೆ ಹೋಗಿದ್ದೆ. ಮಧ್ಯಾಹ್ನದ ಬಿಸಿಲು, 40 ಡಿಗ್ರಿ ಹತ್ತಿರ. ಬಾಲ್ಡಸಾರೆ ಫಾರೆಸ್ಟಿಯೇರೆ ಅಗೆದ ಮನೆಯ ಮೆಟ್ಟಿಲು ಇಳಿಯುತ್ತಿದ್ದ ಹಾಗೆ ಮೈಯೆಲ್ಲಾ ತಂಪಾಯಿತು.

ಇವರು ಹುಟ್ಟಿದ್ದು 1879ರಲ್ಲಿ, ಇಟಲಿಯ ಸಿಸಿಲಿಯಲ್ಲಿ. ಇಪ್ಪತ್ತು ದಾಟಿದ ವಯಸ್ಸಿಗೆ ಅಮೆರಿಕಕ್ಕೆ ಬಂದು, ಮೊದಲು ಪೂರ್ವದ ಕಡೆ ಸುರಂಗ ತೋಡುವ ಕೂಲಿ ಮಾಡಿದರು. ಆಮೇಲೆ ಹಣ್ಣಿನ ತೋಟ ಮಾಡುವ ಆಸೆಯಿಂದ ಫ್ರೆಸ್ನೋದಲ್ಲಿ ಜಮೀನು ಕೊಂಡರು. ಅಗೆದು ನೋಡಿದರೆ ಮೇಲ್ಮಣ್ಣಿನ ಕೆಳಗೇ ಕಲ್ಲಿನಂಥ ಗಟ್ಟಿ ಪದರ, ಅಲ್ಲಿನವರು ಹಾರ್ಡ್‌ಪ್ಯಾನ್ ಅನ್ನುತ್ತಾರೆ. ಬೇರು ಇಳಿಯುವುದೇ ಇಲ್ಲ. ದುಡ್ಡು ಕೊಟ್ಟು ಕೊಂಡ ನೆಲ ಹೀಗಾದರೆ ಯಾರಿಗಾದರೂ ಕೈಕಾಲು ಬಿದ್ದುಹೋಗುತ್ತೆ ಅಲ್ವಾ?

ಹೊಟ್ಟೆಪಾಡಿಗೆ ಬೇರೆಯವರ ಹೊಲ ಮಟ್ಟ ಮಾಡಿಕೊಟ್ಟರು, ಗಿಡಗಳಿಗೆ ಕಸಿ ಕಟ್ಟಿದರು. ಉಳಿದ ಹೊತ್ತಲ್ಲಿ ತಮ್ಮ ನೆಲ ಅಗೆದರು. ಬಿಸಿಲು ತಪ್ಪಿಸಿಕೊಳ್ಳೋಕೆ ಅಂತ 1906ರ ಹೊತ್ತಿಗೆ ಶುರುವಾದ ನೆಲಮಾಳಿಗೆ ಮಲಗುವ ಕೋಣೆಯಾಯಿತು, ಅಡುಗೆಮನೆಯಾಯಿತು, ಅಂಗಳವಾಯಿತು, ಪ್ರಾರ್ಥನೆಗೊಂದು ಜಾಗವೂ ಆಯಿತು. ಹೆಚ್ಚಿನ ಕೆಲಸವೆಲ್ಲಾ ಪಿಕಾಸಿ, ಸಲಿಕೆ, ತಳ್ಳುಗಾಡಿಯಲ್ಲೇ. ಕಾಗದದ ಮೇಲೆ ಪ್ಲಾನ್ ಇರಲಿಲ್ಲ.

ನಾನು ಜಾಸ್ತಿ ಹೊತ್ತು ನಿಂತದ್ದು ಕಮಾನುಗಳ ಹತ್ತಿರ. ಬೇರಿಗೆ ಅಡ್ಡ ಬಂದಿತ್ತಲ್ಲ ಆ ಗಟ್ಟಿ ಪದರ, ಅದನ್ನೇ ತುಂಡು ತುಂಡಾಗಿ ಒಡೆದು, ಗಾರೆ ಹಾಕಿ ಕೂರಿಸಿ ಕಮಾನು ಎಬ್ಬಿಸಿದ್ದಾರೆ. ಒಂದು ತುಂಡಿನ ಹಾಗೆ ಇನ್ನೊಂದಿಲ್ಲ. ಅಂಗೈ ಇಟ್ಟು ನೋಡಿದೆ, ಒರಟು ಅಂಚು ಚುಚ್ಚಿತು. ಮೇಲಿನ ಮಣ್ಣಿನ ಭಾರ ಕಲ್ಲಿಂದ ಕಲ್ಲಿಗೆ ದಾಟಿ ಪಕ್ಕದ ಗೋಡೆಗೆ ಇಳಿಯಬೇಕು, ಎಲ್ಲಾದರೂ ಲೆಕ್ಕ ತಪ್ಪಿದರೆ ಮನೆಯೇ ಕುಸಿಯುತ್ತೆ. ಸುರಂಗದ ಕೂಲಿಯಲ್ಲಿ ಕಲಿತದ್ದು ಇಲ್ಲಿ ಕೈಯಲ್ಲೇ ಕಾಣುತ್ತೆ.

ಹಣ್ಣಿನ ಆಸೆಯನ್ನೂ ಅವರು ಬಿಡಲಿಲ್ಲ. ಚಾವಣಿಯಲ್ಲಿ ಆಕಾಶಕ್ಕೆ ಕಿಂಡಿ ಬಿಟ್ಟು, ಗಟ್ಟಿ ಪದರದ ಕೆಳಗಿನ ಮಣ್ಣಲ್ಲಿ ಕಿತ್ತಳೆ, ನಿಂಬೆ ನೆಟ್ಟರು. ಒಂದೇ ಮರಕ್ಕೆ ಹಲವು ಜಾತಿ ಕಸಿ ಕಟ್ಟಿದರು. ಬೇರು ಕೆಳಗೆ ತಂಪಲ್ಲಿ, ತುದಿ ಮೇಲೆ ಬಿಸಿಲಲ್ಲಿ. ಮೇಲೆ ನಡೆಯುವವರು ಬಗ್ಗಿದರೆ ಹಣ್ಣು ಕೈಗೇ ಸಿಗುತ್ತೆ!

ಇವರನ್ನು ಸುಮ್ನೆ ವಿಚಿತ್ರ ಮನುಷ್ಯ ಅಂತ ಬರೆದುಬಿಡುತ್ತಾರೆ, ನನಗೆ ನಿಜಕ್ಕೂ ಬೇಜಾರಾಗುತ್ತೆ. ಗಾಳಿ, ಬೆಳಕು, ನೀರು ಹರಿದುಹೋಗುವ ದಾರಿ, ಎಲ್ಲವನ್ನೂ ಯೋಚಿಸಿದ ಕಸುಬುದಾರ ಇವರು.

ಸುಮಾರು 40 ವರ್ಷ ಅಗೆದರು. 1946ರಲ್ಲಿ ತೀರಿಕೊಂಡಾಗಲೂ ಕೆಲಸ ಬಾಕಿ ಇತ್ತು. ನೆಲದೊಳಗೇ ಹೋಟೆಲ್ ಮಾಡಬೇಕು, ಜನ ಕಾರಲ್ಲೇ ಒಳಗೆ ಬರಬೇಕು ಅಂತ ಸುರಂಗದ ದಾರಿಯನ್ನೂ ತೋಡಿದ್ದರು. ಮನೆಯನ್ನು ಅವರ ಕುಟುಂಬದವರೇ ಉಳಿಸಿಕೊಂಡು ಬಂದಿದ್ದಾರೆ. ಆ ಕಡೆ ಹೋದರೆ ಬೇಸಿಗೆಯಲ್ಲೇ ಹೋಗಿ, ನಡು ಮಧ್ಯಾಹ್ನ. ಅವರು ಯಾಕೆ ಅಗೆದರು ಅಂತ ಮೂರನೇ ಮೆಟ್ಟಿಲಿಗೇ ಗೊತ್ತಾಗುತ್ತೆ.