24 ಆಟ, 12 ಸೆಕೆಂಡ್: ಧಾರವಾಡದಲ್ಲಿ 3×3 ಅರ್ಹತಾ ಸುತ್ತಿನ ದಿನ

ಭಾನುವಾರ ಬೆಳಗ್ಗೆ 3×3 ಬಾಸ್ಕೆಟ್‌ಬಾಲಿನ, ಅಂದರೆ ಒಂದೇ ರಿಂಗಿಗೆ ತಂಡಕ್ಕೆ ಮೂವರಂತೆ ಆಡುವ ಆಟದ, ಅರ್ಹತಾ ಸುತ್ತು ಇದ್ದರೆ ಶನಿವಾರ ಸಂಜೆಯೇ ಕೋರ್ಟಿಗೆ ಟೇಪು, ಓಳಂಬ, ಬಣ್ಣದ ಡಬ್ಬಿ ಬಂದಿರಬೇಕು. ನಮ್ಮ ಕಡೆಯ ಹಳೆಯ ಸಿಮೆಂಟ್ ಕೋರ್ಟ್‌ಗಳಲ್ಲಿ ರಿಂಗಿನಿಂದ 6.25 ಮೀಟರ್ ದೂರದ ಬಾಗಿದ ಗೆರೆ, ಅಂದರೆ ಆರ್ಕ್, ಇನ್ನೂ ಉಳಿದುಕೊಂಡಿರುತ್ತದೆ. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ ಫಿಬಾ ಅದನ್ನು 2010ರಲ್ಲಿ 6.75 ಮೀಟರಿಗೆ ಸರಿಸಿತು; ರಿಂಗಿನ ಮುಂದೆ ಇದ್ದ ಓರೆ ಬದಿಗಳ ಚೌಕಟ್ಟು, ಅಂದರೆ ಕೀ ಕೂಡ ಆಗಲೇ ಹೋಗಿ 4.9 ಮೀಟರ್ ಅಗಲದ ಆಯತ ಬಂತು. ಬರೀ ಅರ್ಧ ಮೀಟರ್ ತಾನೇ ಎಂದು ಹಳೆಯ ಗೆರೆಯ ಮೇಲೆಯೇ ಆಡಿಸಿದರೆ ಇಡೀ ದಿನದ ಫಲಿತಾಂಶ ತಿರುಗಿಹೋಗುತ್ತದೆ. 3×3ರಲ್ಲಿ ಆರ್ಕಿನ ಒಳಗಿನಿಂದ ಹಾಕಿದರೆ 1 ಅಂಕ, ಹೊರಗಿನಿಂದ 2. ಐದು ಮಂದಿಯ ಆಟದಲ್ಲಿ ದೂರದ ಬುಟ್ಟಿಗೆ ಒಂದೂವರೆ ಪಟ್ಟು ಬೆಲೆ, ಇಲ್ಲಿ ನೇರವಾಗಿ ಎರಡು ಪಟ್ಟು. ಆ ಗೆರೆ ತಪ್ಪಿದರೆ ಉಳಿದದ್ದೆಲ್ಲ ತಪ್ಪು.

ಗೆರೆ ಹಾಕುವ ಕ್ರಮ ಹೀಗಿದೆ. ಗೌಂಡಿಗಳು ಬಳಸುವ ಓಳಂಬವನ್ನು ರಿಂಗಿನ ನಟ್ಟನಡುವಿನಿಂದ ಇಳಿಬಿಟ್ಟು ನೆಲದ ಮೇಲೆ ಗುರುತು ಮಾಡಬೇಕು. ಈ ಗುರುತು ರಿಂಗಿನ ಹಿಂದಿನ ಗಡಿಗೆರೆಯಾದ ಎಂಡ್ ಲೈನಿನ ಒಳಅಂಚಿನಿಂದ 1.575 ಮೀಟರ್ ದೂರದಲ್ಲಿ ಬೀಳಬೇಕು. ಬೀಳದಿದ್ದರೆ ಕಂಬ ವಾಲಿದೆ ಅಥವಾ ಬೋರ್ಡ್ ಹಿಂದೆ ಸರಿದಿದೆ ಎಂದು ಅರ್ಥ, ಮೊದಲು ಅದನ್ನು ಸರಿಮಾಡಿಸಬೇಕು. ಆ ಗುರುತಿನಿಂದ 6.75 ಮೀಟರಿಗೆ ಸ್ಟೀಲ್ ಟೇಪು ಹಿಡಿದು ಅರ್ಧವೃತ್ತ ಎಳೆಯಬೇಕು. ನೈಲಾನ್ ಹಗ್ಗ ಬೇಡ. ಎಳೆದಂತೆಲ್ಲ ಅದು ಹಿಗ್ಗುತ್ತದೆ, ಆರ್ಕ್ ಒಂದು ಬದಿಗೆ ಉಬ್ಬುತ್ತದೆ. 6.75 ಎನ್ನುವುದು ಗೆರೆಯ ಹೊರಅಂಚಿನ ಅಳತೆ, 5 ಸೆಂಟಿಮೀಟರ್ ದಪ್ಪ ಒಳಗಡೆಗೆ ಬರಬೇಕು. ಎರಡೂ ಬದಿಯಲ್ಲಿ ಸೈಡ್ ಲೈನಿನಿಂದ 90 ಸೆಂಟಿಮೀಟರ್ ಬಿಟ್ಟು ನೇರ ಗೆರೆ ಹಾಕಿದರೆ ಅದು ಎಂಡ್ ಲೈನಿನಿಂದ 2.99 ಮೀಟರಿಗೆ ಆರ್ಕನ್ನು ಕೂಡುತ್ತದೆ. ಕೂಡಿತೆಂದರೆ ಅಳತೆ ಸರಿ. ಅದೇ ಗುರುತಿನಿಂದ 1.25 ಮೀಟರಿಗೆ ರಿಂಗಿನ ಕೆಳಗಿನ ಚಿಕ್ಕ ಅರ್ಧವೃತ್ತ. ಇದನ್ನು ಬಹಳ ಕಡೆ ಬಿಟ್ಟೇಬಿಡುತ್ತಾರೆ, 3×3ರಲ್ಲಿ ಇದರಷ್ಟು ಕೆಲಸಕ್ಕೆ ಬರುವ ಗೆರೆ ಇನ್ನೊಂದಿಲ್ಲ. ಬುಟ್ಟಿ ಬಿದ್ದ ಕೂಡಲೇ ಎದುರಾಳಿ ಚೆಂಡೆತ್ತಿಕೊಳ್ಳುವುದು ಇದರೊಳಗೇ, ಅಲ್ಲಿ ಅವನ ಕೈಯಿಂದ ಚೆಂಡು ಕಸಿಯುವಂತಿಲ್ಲ.

ಸುಣ್ಣದಲ್ಲಿ ಎಳೆದ ಗೆರೆ ನಾಲ್ಕು ಆಟಕ್ಕೆ ಅಳಿಸಿಹೋಗಿ ಬೂಟಿನ ಕೆಳಗೆ ಜಾರುತ್ತದೆ. ಆಯಿಲ್ ಪೇಂಟ್ ಒಣಗಿದ ಮೇಲೂ ನುಣುಪು. ಟೇಪು ಅಂಟಿಸಬಹುದು, ಆದರೆ ನೆಲ ತೊಳೆದು ಪೂರಾ ಒಣಗಿಸಿದ ಮೇಲೆ. ಧಾರವಾಡದ ಕೆಂಪು ಧೂಳಿನ ಮೇಲೆ ಅಂಟಿಸಿದ ಟೇಪು ಎಂಟು ಗಂಟೆಯ ಬಿಸಿಲಿಗೇ ಏಳುತ್ತದೆ. ನೀರಲ್ಲಿ ಕಲಸುವ, ಸ್ವಲ್ಪ ಒರಟಾದ ಬಣ್ಣ ಎಲ್ಲಕ್ಕಿಂತ ಉತ್ತಮ. 2019ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆದಾಗ ಇದ್ದ ಮರದ ನೆಲ ನಮಗೆ ಇಲ್ಲಿ ಇಲ್ಲದಿರಬಹುದು. ಗೆರೆ ಮಾತ್ರ ಅಲ್ಲಿಯಷ್ಟೇ ಸರಿಯಾಗಿ ಇರಲು ಯಾವ ಅಡ್ಡಿಯೂ ಇಲ್ಲ.

ಪೂರ್ತಿ ಕೋರ್ಟಿನ ಉದ್ದ 28 ಮೀಟರ್. 3×3 ಅಂಗಳ 15 ಮೀಟರ್ ಅಗಲ, 11 ಮೀಟರ್ ಉದ್ದ. ಎರಡೂ ತುದಿಗೆ ಒಂದೊಂದು ಅಂಗಳ ಮಾಡಿದರೆ ನಡುವೆ 6 ಮೀಟರ್ ಉಳಿಯುತ್ತದೆ. ಸ್ಕೋರರ್ ಟೇಬಲ್, ಬದಲಿ ಆಟಗಾರರ ಖುರ್ಚಿ, ನೀರಿನ ಕ್ಯಾನು ಎಲ್ಲವನ್ನೂ ಆ 6 ಮೀಟರಿನಲ್ಲಿ ತುಂಬುವ ಆಸೆ ಎಲ್ಲರಿಗೂ ಆಗುತ್ತದೆ. ಹಾಗೆ ಮಾಡಬಾರದು. ಬದಲಿ ಆಟಗಾರ ಒಳಗೆ ಬರುವುದು ರಿಂಗಿನ ಎದುರಿನ ಗೆರೆಯ ಹಿಂದಿನಿಂದಲೇ, ಹೊರಬಂದವನ ಕೈ ಮುಟ್ಟಿಸಿಕೊಂಡು. ಅದಕ್ಕೆ ರೆಫರಿಯ ಅಪ್ಪಣೆಯೂ ಬೇಕಿಲ್ಲ, ಟೇಬಲ್‌ನವರ ಸನ್ನೆಯೂ ಬೇಕಿಲ್ಲ. ಆ ಜಾಗ ತೆರವಾಗಿ ಇರಬೇಕು. ಟೇಬಲ್‌ಗಳನ್ನು ಸೈಡ್ ಲೈನಿನ ಹೊರಗೆ ಹಾಕಿ.

ಚೆಂಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಗಾತ್ರ 6ರದ್ದು, ತೂಕ 7ರದ್ದು. ಹುಡುಗರಿಗೂ ಹುಡುಗಿಯರಿಗೂ ಒಂದೇ ಚೆಂಡು. ಅಂಗಡಿಯಲ್ಲಿ ಸಿಗುವ ಸಾಮಾನ್ಯ 6ನೇ ನಂಬರ್ ಚೆಂಡು ಇದಲ್ಲ, ಅದು ಹಗುರ. ಬಿಸಿಲಲ್ಲಿ ಇಟ್ಟರೆ ಒಳಗಿನ ಗಾಳಿ ಹಿಗ್ಗಿ ಪುಟಿತ ಹೆಚ್ಚುತ್ತದೆ, ಹಾಗಾಗಿ ಆಟವಿಲ್ಲದ ಚೆಂಡುಗಳು ನೆರಳಲ್ಲೇ ಇರಲಿ.

ಇನ್ನು ಕಾಗದಪತ್ರ. ಪ್ರತಿ ಆಟಗಾರನಿಗೂ ಫಿಬಾದ 3×3 ವೆಬ್‌ಸೈಟಿನಲ್ಲಿ ಅವನದೇ ಪ್ರೊಫೈಲ್ ಬೇಕು. ಹಿಂದಿನ 12 ತಿಂಗಳಲ್ಲಿ ಅವನ ಅತ್ಯುತ್ತಮ 9 ಟೂರ್ನಿಗಳ ಅಂಕಗಳು ಅಲ್ಲಿ ಲೆಕ್ಕಕ್ಕೆ ಬರುತ್ತವೆ. ತಂಡದ ಮೊದಲ ಮೂವರ ಅಂಕ ಕೂಡಿದರೆ ತಂಡದ ಶ್ರೇಯಾಂಕ, ಅದರ ಮೇಲೆ ಗುಂಪು ಹಂಚಿಕೆ. ನಮ್ಮ ಹುಡುಗರಿಗೆ ಪೆಟ್ಟು ಬೀಳುವುದು ಹೆಸರಿನಲ್ಲಿ. ಒಮ್ಮೆ ಇನಿಷಿಯಲ್ ಮುಂದೆ, ಒಮ್ಮೆ ಹಿಂದೆ. ಒಮ್ಮೆ ಅಡ್ಡಹೆಸರು ಇದೆ, ಮತ್ತೊಮ್ಮೆ ಊರಹೆಸರು. ಒಬ್ಬನಿಗೇ ಎರಡು ಪ್ರೊಫೈಲ್ ಆಗಿ ಅಂಕ ಎರಡು ಪಾಲಾಗುತ್ತದೆ. ಆಧಾರ್‌ನಲ್ಲಿ ಹೇಗಿದೆಯೋ ಹಾಗೇ, ಅದೇ ಹುಟ್ಟಿದ ದಿನಾಂಕದೊಂದಿಗೆ ಬರೆಯಬೇಕು. ಶನಿವಾರ ರಾತ್ರಿ ಪಟ್ಟಿ ಹಿಡಿದು ಒಬ್ಬೊಬ್ಬರ ಹೆಸರನ್ನೂ ಹೊಂದಿಸಿ ನೋಡುವವರು ಒಬ್ಬರು ಇರಲೇಬೇಕು.

16 ತಂಡ ಬಂದರೆ ನಾಲ್ಕರಂತೆ 4 ಗುಂಪು, ಗುಂಪಿಗೆ 6 ಆಟ, ಒಟ್ಟು 24. ಆಟದ ಗಡಿಯಾರ 10 ನಿಮಿಷದ್ದಾದರೂ ವಾರ್ಮ್ ಅಪ್, ಫ್ರೀ ಥ್ರೋ, ಟೈಮ್ ಔಟ್ ಸೇರಿ ಒಂದು ಆಟಕ್ಕೆ 20 ನಿಮಿಷ ಹಿಡಿಯಿರಿ. ಎರಡು ಅಂಗಳದಲ್ಲಿ 12 ಸುತ್ತು, ಬೆಳಗ್ಗೆ 6.30ಕ್ಕೆ ಶುರುವಾದರೆ 10.30ಕ್ಕೆ ಮುಗಿಯುತ್ತದೆ. ಒಂದು ಅಂಗಳದಲ್ಲಿ ಎ ಮತ್ತು ಸಿ ಗುಂಪು, ಇನ್ನೊಂದರಲ್ಲಿ ಬಿ ಮತ್ತು ಡಿ, ಒಂದಾದ ಮೇಲೊಂದು ಹಾಕಿದರೆ ಯಾವ ತಂಡಕ್ಕೂ ಬೆನ್ನಿಗೆ ಬೆನ್ನಿನ ಆಟ ಬರುವುದಿಲ್ಲ, ಕನಿಷ್ಠ ಒಂದು ಆಟದ ವಿರಾಮ ಸಿಗುತ್ತದೆ. ಪ್ರತಿ ಸುತ್ತೂ 5 ನಿಮಿಷ ಜಗ್ಗಿದರೆ ಒಂದು ತಾಸು ಹೋಯಿತು. ಆಗ ಕೊನೆಯ ಆಟಗಳು 11.30ರವರೆಗೆ ಎಳೆಯುತ್ತವೆ, ಏಪ್ರಿಲ್‌ನಲ್ಲಿ ಆ ಹೊತ್ತಿನ ಸಿಮೆಂಟಿನ ಮೇಲೆ ಬೂಟಿನೊಳಗಿನ ಪಾದವೂ ಸುಡುತ್ತದೆ. ಗದಗ, ಹಾವೇರಿಯ ತಂಡಗಳಿಗೆ ಮೊದಲ ಎರಡು ಸುತ್ತಿನಲ್ಲಿ ಆಟ ಹಾಕಬೇಡಿ. ನಸುಕಿನ ಬಸ್ಸು ತಡವಾಯಿತೆಂದು ಒಂದು ತಂಡ ಆಟ ಬಿಟ್ಟುಕೊಟ್ಟರೆ ಇಡೀ ಗುಂಪಿನ ಲೆಕ್ಕ ಕೆಡುತ್ತದೆ. ಶುರುವಿಗೆ ಮೂವರು ಇದ್ದರೆ ಸಾಕು, ನಾಲ್ಕನೆಯವನು ಹಿಂದಿನಿಂದ ಬರಬಹುದು ಎಂಬುದನ್ನೂ ಮೊದಲೇ ತಿಳಿಸಿ.

ಇಷ್ಟೆಲ್ಲ ಆದ ಮೇಲೆ ಬೆಳಗಿನ ಮೊದಲ ಒಂದು ತಾಸು ನೋಡಬೇಕು. ಗದಗಿನ ಒಬ್ಬ ಹುಡುಗ ಎದುರಾಳಿಯ ತಪ್ಪಿದ ಹೊಡೆತವನ್ನು ಬೋರ್ಡಿನಿಂದಲೇ ಕಿತ್ತು, ಕಾಲು ನೆಲಕ್ಕೆ ತಾಗುವ ಮೊದಲೇ ಎನ್ನುವಷ್ಟು ಬೇಗ ತಿರುಗಿ ಬುಟ್ಟಿಗೆ ಹಾಕುತ್ತಾನೆ. ಸೊಗಸಾದ ಜಿಗಿತ. ಸೀಟಿ.

"ಯಾಕ್ರೀ ಸರ್, ಬಿದ್ದೈತಲ್ರಿ!"

"ಬಿದ್ದೈತಪಾ, ಖರೇ. ಬಾಲ್ ಗೆರಿ ಹೊರಗ ಒಯ್ದಿಲ್ಲಲಾ."

ಡಿಫೆನ್ಸ್‌ನವನು ಚೆಂಡು ಹಿಡಿದರೆ, ಕಸಿದರೆ, ಮೊದಲು ಅದು ಆರ್ಕಿನ ಹೊರಗೆ ಹೋಗಬೇಕು. ಹೊರಗೆ ಎಂದರೆ ಎರಡೂ ಪಾದ ಹೊರಗೆ. ಒಂದು ಹಿಮ್ಮಡಿ ಗೆರೆಯ ಮೇಲಿದ್ದರೂ ಹೋದಂತಲ್ಲ. ಬುಟ್ಟಿ ಬಿದ್ದ ಮೇಲೂ ಅಷ್ಟೇ: ಐದು ಮಂದಿಯ ಆಟದ ಹಾಗೆ ಎಂಡ್ ಲೈನಿನ ಹಿಂದೆ ನಿಂತು ಎಸೆಯುವುದಿಲ್ಲ, ರಿಂಗಿನ ಕೆಳಗಿನಿಂದಲೇ ಡ್ರಿಬಲ್ ಮಾಡಿಯೋ ಪಾಸ್ ಕೊಟ್ಟೋ ಹೊರಗೆ ಒಯ್ಯಬೇಕು. ಯಾರೂ ಸೀಟಿ ಊದುವುದಿಲ್ಲ, ಆಟ ನಿಲ್ಲುವುದಿಲ್ಲ. ನಮ್ಮ ಹುಡುಗರು ಬುಟ್ಟಿ ಹಾಕಿ ಸಂಭ್ರಮದಲ್ಲಿ ಕೈ ತಟ್ಟುತ್ತ ನಿಂತಿರುತ್ತಾರೆ, ಅಷ್ಟರಲ್ಲಿ ಎದುರಾಳಿ ಆರ್ಕಿನ ಹೊರಗಿನಿಂದ 2 ಅಂಕ ಹಾಕಿರುತ್ತಾನೆ.

ಹನ್ನೆರಡು ಸೆಕೆಂಡಿನಲ್ಲಿ ಹೊಡೆತ ಹೋಗಬೇಕು, ಐದು ಮಂದಿಯ ಆಟದ ಅರ್ಧ ಸಮಯ. ಈ ಸೆಕೆಂಡು ತೋರಿಸುವ ಶಾಟ್ ಕ್ಲಾಕ್ ಇಲ್ಲದ ಅಂಗಳದಲ್ಲಿ ತಂಡ ಸುಮ್ಮನೆ ಚೆಂಡು ಆಡಿಸುತ್ತಿದ್ದರೆ ರೆಫರಿ ಕೊನೆಯ 5 ಸೆಕೆಂಡ್ ಜೋರಾಗಿ ಎಣಿಸುತ್ತಾರೆ. ಎಣಿಕೆ ಕೇಳಿ ಗಾಬರಿಯಾಗಿ ಎಸೆದ ಚೆಂಡುಗಳು ಎಷ್ಟೋ! ಇದಕ್ಕೆ ತಾಲೀಮು ಒಂದೇ ಮದ್ದು: ಚೆಂಡು ಹೊರಗೆ ಹೋಗಲು 3 ಸೆಕೆಂಡ್, ಒಂದು ಸ್ಕ್ರೀನ್ (ಎದುರಾಳಿಗೆ ಅಡ್ಡ ನಿಲ್ಲುವುದು), ಒಂದು ಕಟ್ (ಥಟ್ಟನೆ ದಿಕ್ಕು ಬದಲಿಸಿ ನುಗ್ಗುವುದು), ಹೊಡೆತ. ಎರಡನೆಯ ಯೋಜನೆಗೆ ಸಮಯವೇ ಇಲ್ಲ.

ಕೋಚ್ ಅಂಗಳದ ಬದಿಯಲ್ಲಿ ಇರುವಂತಿಲ್ಲ, ಗ್ಯಾಲರಿಯಿಂದ ಕೂಗಿ ಹೇಳುವಂತೆಯೂ ಇಲ್ಲ. ಪಿಇ ಮಾಸ್ತರರಿಗೆ ಇದು ತೀರಾ ಕಷ್ಟ. ವರ್ಷಪೂರ್ತಿ ಕೂಗಿ ಕಲಿಸಿದವರು ಆ ಹತ್ತು ನಿಮಿಷ ಬಾಯಿ ಕಟ್ಟಿ ಕೂರಬೇಕು. ಟೈಮ್ ಔಟ್ ಕೇಳುವವರೂ ಆಟಗಾರರೇ. ತಂಡಕ್ಕೆ ಒಂದೇ, 30 ಸೆಕೆಂಡಿನದು. ಫೌಲ್ ಲೆಕ್ಕವೂ ಬೇರೆ. ಎಷ್ಟು ಫೌಲ್ ಮಾಡಿದರೂ ಒಬ್ಬ ಆಟಗಾರ ಅದರ ಸಂಖ್ಯೆಯಿಂದ ಹೊರಹೋಗುವುದಿಲ್ಲ, ಆದರೆ ತಂಡದ 7, 8, 9ನೇ ಫೌಲಿಗೆ ಎದುರಾಳಿಗೆ 2 ಫ್ರೀ ಥ್ರೋ, 10ರಿಂದ ಮುಂದೆ 2 ಫ್ರೀ ಥ್ರೋ ಜೊತೆಗೆ ಚೆಂಡೂ ಅವರಿಗೇ. ಮೊದಲು 21 ಅಂಕ ಮುಟ್ಟಿದವರೇ ಗೆಲ್ಲುವ ಆಟದಲ್ಲಿ ಅದು ಸೋಲನ್ನು ಕೈಯಾರೆ ಬರೆದುಕೊಟ್ಟಂತೆ. ಟೇಬಲ್‌ನಲ್ಲಿ ಕುಳಿತವರು 6ನೇ ಫೌಲ್ ಆದ ಕೂಡಲೇ ಎರಡೂ ತಂಡಕ್ಕೆ ಕಾಣುವಂತೆ ಫಲಕ ತಿರುಗಿಸಬೇಕು.

ಇಷ್ಟೂ ನಿಯಮ ಕೆಲವೇ ಪುಟದಲ್ಲಿ ಹಿಡಿಯುತ್ತವೆ. ಅವನ್ನು ಕನ್ನಡದಲ್ಲಿ ಬರೆದು ವಾರ ಮೊದಲೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಹಾವೇರಿಯ ತಂಡ ಹುಬ್ಬಳ್ಳಿಯ ತಂಡಕ್ಕೆ ಸರಿಸಮನಾಗಿ ಇಳಿಯುತ್ತದೆ. ಆ ಹುಡುಗರಿಗೆ ಜಿಗಿತ, ಓಟ, ಕೈಚಳಕ ಯಾವುದೂ ಕಡಿಮೆ ಇಲ್ಲ. ಅವರು ಸೋಲುವುದು ಯಾರೂ ಅವರಿಗೆ ಹೇಳಿರದ ನಿಯಮಗಳಿಗೆ, ಅದನ್ನು ನೋಡುತ್ತ ಕೂರುವುದು ಸಂಕಟದ ಕೆಲಸ.

ಗುಂಪಿನ ಲೆಕ್ಕದಲ್ಲೂ ಇದೇ ಕಥೆ. ಗೆಲುವು ಸಮವಾದರೆ ಮೊದಲು ನೋಡುವುದು ಪರಸ್ಪರ ಆಟದ ಫಲಿತಾಂಶ, ಅದೂ ಸಮವಾದರೆ ಆಟಕ್ಕೆ ಸರಾಸರಿ ಗಳಿಸಿದ ಅಂಕ. ಅಂಕಗಳ ಅಂತರ ಲೆಕ್ಕಕ್ಕೇ ಇಲ್ಲ. ಹೀಗೊಂದು ಗುಂಪು ಇಟ್ಟುಕೊಳ್ಳಿ: ಗದಗ ಹಾವೇರಿಯನ್ನು 15-13ರಿಂದ, ಹಾವೇರಿ ಹುಬ್ಬಳ್ಳಿಯನ್ನು 21-12ರಿಂದ, ಹುಬ್ಬಳ್ಳಿ ಗದಗನ್ನು 17-16ರಿಂದ ಸೋಲಿಸಿವೆ. ನಾಲ್ಕನೆಯ ತಂಡದ ಮೇಲೆ ಗದಗ 18-9, ಹಾವೇರಿ 14-10, ಹುಬ್ಬಳ್ಳಿ 21-11. ಮೂವರಿಗೂ ಎರಡೆರಡು ಗೆಲುವು. ಒಟ್ಟು ಅಂಕ ಹುಬ್ಬಳ್ಳಿ 50, ಗದಗ 49, ಹಾವೇರಿ 48. ಅಂತರ ನೋಡಿದರೆ ಹಾವೇರಿಯೇ ಮೇಲೆ, 11. ಹುಬ್ಬಳ್ಳಿಯದು ಬರೀ 2. ಆದರೂ ಗುಂಪಿನಿಂದ ಎರಡೇ ತಂಡ ಮುಂದೆ ಹೋಗುವುದರಿಂದ ಮನೆಗೆ ಹೋಗುವುದು ಹಾವೇರಿ. ನಾಲ್ಕನೆಯ ತಂಡದ ಎದುರು 14-10 ಆದ ಮೇಲೆ ಗೆದ್ದೆವೆಂದು ಚೆಂಡು ಹಿಡಿದು ಕಾಲ ಕಳೆಯದೆ, ಆರ್ಕಿನ ಹೊರಗಿನಿಂದ ಒಂದೇ ಒಂದು ಹಾಕಿದ್ದರೆ ಅವರಿಗೂ 50 ಆಗಿ ಗದಗ ಹಿಂದೆ ಬೀಳುತ್ತಿತ್ತು. ಸೋಲುತ್ತಿರುವ ತಂಡಕ್ಕೂ ಇದೇ ಮಾತು: 19-8 ಇದ್ದಾಗಲೂ ಇನ್ನೊಂದು ಬುಟ್ಟಿಗೆ ಬೆಲೆ ಇದೆ.

ಎದುರಾಳಿ ಬಾರದೆ ಸಿಕ್ಕ ಗೆಲುವನ್ನು ಸರಾಸರಿಗೆ ಸೇರಿಸಬಾರದು. ಟೇಬಲ್‌ನಲ್ಲಿ ಹೆಚ್ಚಾಗಿ ಎಡವುವುದು ಇಲ್ಲೇ, ಅದನ್ನು 21-0 ಎಂದು ಬರೆದುಬಿಡುತ್ತಾರೆ.

ಮಧ್ಯಾಹ್ನ ಆಟವಿಲ್ಲ. ಹುಡುಗರು ಹೊರಗೆ ಹೋಗಿ ಗಿರ್ಮಿಟ್, ಮಿರ್ಚಿ ಕಟ್ಟಿಸಿಕೊಂಡು ಬರುತ್ತಾರೆ. ಸಂಜೆಗೆ ಆಟ ಉಳಿದವರಿಗೆ ಅನ್ನ-ಮಜ್ಜಿಗೆ, ಬಾಳೆಹಣ್ಣು ಒಳ್ಳೆಯದು. ನಾಲ್ಕೂವರೆಗೆ ಕ್ವಾರ್ಟರ್ ಫೈನಲ್ ಎಂದಿದ್ದರೆ ನಾಲ್ಕಕ್ಕೆ ಪಶ್ಚಿಮದ ಕಡೆ ಮೋಡ ನೋಡಿ. ಅಡ್ಡಮಳೆ ಅರ್ಧ ತಾಸು ಹೊಡೆದು ಹೋದರೆ ಸಿಮೆಂಟ್ ವೈಪರಿಗೆ ಬೇಗ ಒಣಗುತ್ತದೆ, ಬಣ್ಣದ ಗೆರೆ ಒಣಗುವುದಿಲ್ಲ. ಗೆರೆಗಳನ್ನು ಬಟ್ಟೆಯಲ್ಲಿ ಬೇರೆಯಾಗಿ ಒರೆಸಬೇಕು. ಮಳೆಗೆ ಮುಂಚೆ ಬೀಸುವ ಗಾಳಿಯಲ್ಲಿ ಮೂಲೆಯಿಂದ ಹೊಡೆದ ಚೆಂಡು ರಿಂಗ್ ದಾಟಿ ಹೋಗುತ್ತದೆ. ಆಗ ಬುದ್ಧಿವಂತ ತಂಡಗಳು ಒಳಗೆ ನುಗ್ಗಿ ಒಂದೊಂದೇ ಅಂಕ ಕೂಡಿಸುತ್ತವೆ, ಇಲ್ಲವೇ ಬೋರ್ಡಿಗೆ ಬಡಿಸಿ ಹಾಕುತ್ತವೆ.

ನಾಕೌಟ್‌ನಲ್ಲಿ ನಾಣ್ಯ ಗೆದ್ದವರು ಯೋಚಿಸಬೇಕು. ಶುರುವಿನ ಚೆಂಡು ಈಗ ಬೇಕೋ, ಆಟ ಸಮವಾದರೆ ಓವರ್‌ಟೈಮಿನ ಚೆಂಡು ಬೇಕೋ? ಓವರ್‌ಟೈಮಿನಲ್ಲಿ ಮೊದಲು 2 ಅಂಕ ಗಳಿಸಿದವರದೇ ಗೆಲುವು. ಹೊರಗಿನಿಂದ ಖಚಿತವಾಗಿ ಹೊಡೆಯುವ ಒಬ್ಬನಿದ್ದರೆ ಒಂದೇ ಹೊಡೆತಕ್ಕೆ ಆಟ ಮುಗಿಯುತ್ತದೆ. ಬಲಾಬಲ ಸಮ ಎನಿಸಿದ ಎದುರಾಳಿಯಾದರೆ ಓವರ್‌ಟೈಮ್ ಆರಿಸಿಕೊಳ್ಳುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಒಂದು ವಿಷಯ ನೆನಪಿರಲಿ, ತಂಡದ ಫೌಲ್‌ಗಳು ಓವರ್‌ಟೈಮಿಗೂ ಮುಂದುವರಿಯುತ್ತವೆ.

ಫೈನಲ್ ಮುಗಿದು ಪದಕ ಕೊಟ್ಟು ಫೋಟೊ ತೆಗೆಸಿಕೊಂಡ ಮೇಲೂ ಟೇಬಲ್‌ನವರು ಏಳುವಂತಿಲ್ಲ. ಗುಂಪಿನ 24, ನಾಕೌಟಿನ 7 ಸೇರಿ 31 ಸ್ಕೋರ್ ಶೀಟುಗಳ ಒಟ್ಟು ಅಂಕ, ರೆಫರಿಯ ಸಹಿ ಒಂದೊಂದಾಗಿ ನೋಡಬೇಕು. ಗೆದ್ದ ತಂಡ ಮುಂದಿನ ಸುತ್ತಿಗೆ ಹೋಗುತ್ತದೆ. ಉಳಿದ ತಂಡಗಳ ಹುಡುಗರಿಗೆ ಈ ದಿನದಿಂದ ದಕ್ಕುವುದು ಪ್ರೊಫೈಲಿನಲ್ಲಿ ಸೇರುವ ಅಂಕ. ಅದು ಸೇರಬೇಕಾದರೆ ಫಲಿತಾಂಶವನ್ನು ಫಿಬಾದ 3×3 ವ್ಯವಸ್ಥೆಯಲ್ಲಿ ತುಂಬಿ ಟೂರ್ನಿಯನ್ನು ಮುಕ್ತಾಯ ಎಂದು ಗುರುತಿಸಬೇಕು. ನಾಳೆ ಮಾಡಿದರಾಯಿತು ಎಂದು ಶೀಟುಗಳನ್ನು ಚೀಲಕ್ಕೆ ಹಾಕಬೇಡಿ. ಹಾವೇರಿಯ ತಂಡ ಬಸ್ಸು ಹತ್ತುವ ಮೊದಲೇ ಅವರ ನಾಲ್ಕೂ ಹೆಸರುಗಳನ್ನು ಅವರಿಗೇ ಪರದೆಯ ಮೇಲೆ ತೋರಿಸಿ, ಅಕ್ಷರ ಸರಿ ಇದೆಯೇ ಎಂದು ಕೇಳಿ, ಆಮೇಲೆ ಒತ್ತಿ.