ದಾಸವಾಳದ ಸಾಲಲ್ಲಿ ನಾನು ಕೊಲ್ಲಿಸಿದ್ದು

ಕ್ಯಾಂಪಸ್ ಗಾರ್ಡನ್ ಮೇಂಟೆನೆನ್ಸ್ ನಂದು. ದಾಸವಾಳದ ಸಾಲಿಗೆ ಹಿಟ್ಟು ತಿಗಣೆ (ಮೀಲಿಬಗ್, ಗಿಡದ ರಸ ಹೀರೋ ಬಿಳಿ ಹುಳ) ಬಿದ್ದು ಕುಡಿಯೆಲ್ಲ ಮುದುಡಿತ್ತು, ಎಲೆ ತುಂಬ ಅವು ಬಿಡೋ ಸಿಹಿ ಅಂಟು, ಅಂಟಿನ ಮೇಲೆ ಕಪ್ಪು ಬೂಷ್ಟು, ಕಾಂಡದುದ್ದಕ್ಕೂ ಇರುವೆ ಸಾಲು. ಮೇಲಿಂದ ಫೋನ್ ಮೇಲೆ ಫೋನ್, ನಾಳೆ ವಿಸಿಟ್ ಇದೆ, ಗಿಡದಲ್ಲಿ ಬಿಳಿ ಕಾಣಬಾರ್ದು ಅಂತ.

ಟ್ಯಾಂಕ್‌ಗೆ ಔಷಧಿ ಬೆರೆಸಿ ಆಗಿತ್ತು. ನಮ್ಮ ಹಿರಿ ಮಾಲಿ ಒಂದು ಟೊಂಗೆ ಬಗ್ಗಿಸಿ, "ಸರ್, ಇಲ್ನೋಡಿ, ಇವು ದೊಡ್ಡವು, ಓಡಾಡ್ತಾವೆ" ಅಂದ್ರು. ನೋಡ್ದೆ. ಮೈತುಂಬ ಬಿಳಿ ಮೇಣದ ಎಳೆ, ತಿಗಣೆ ಥರಾನೇ, ಸೈಜ್ ಮಾತ್ರ ಮೂರು ಪಟ್ಟು. ಬಲಿತಿದಾವೆ, ಇನ್ನು ಬಿಟ್ರೆ ಕಷ್ಟ ಅನ್ಕೊಂಡು "ಮೊದ್ಲು ಇವಕ್ಕೇ ಹೊಡೀರಿ ಅಣ್ಣ" ಅಂದೆ. ಅವರು ನಾಝಲ್ ಹಿಡ್ಕೊಂಡು ಹಾಗೇ ನಿಂತ್ರು, ನನ್ನ ಮುಖ ನೋಡಿದ್ರು, ನಾನು ವಾಚ್ ನೋಡ್ದೆ. ಹೊಡೆದ್ರು.

ಮಧ್ಯಾಹ್ನ ಬುಡದಲ್ಲಿ ಬಿದ್ದಿದ್ದ ಒಂದನ್ನ ಪೇಪರ್ ಮೇಲೆ ಎತ್ಕೊಂಡು ಲೆನ್ಸ್ ಹಿಡಿದ್ರೆ, ಬಾಯಲ್ಲಿ ಅರ್ಧ ತಿಂದ ತಿಗಣೆ ಇನ್ನೂ ಹಾಗೇ ಇದೆ. ಕ್ರಿಪ್ಟೋಲೀಮಸ್ ಮರಿ ಅದು, ತಿಗಣೆ ತಿಂದೇ ಬದುಕೋ ಗುಲಗಂಜಿ ಹುಳ. ಇದಕ್ಕೋಸ್ಕರಾನೇ 1891ರಲ್ಲಿ ಆಸ್ಟ್ರೇಲಿಯಾದಿಂದ ಕ್ಯಾಲಿಫೋರ್ನಿಯಾಕ್ಕೆ ತರಿಸ್ಕೊಂಡಿದ್ರು, ನಮ್ಮ ಗಾರ್ಡನ್‌ಗೆ ತಾನಾಗೇ ಬಂದಿದ್ದನ್ನ ನಾನು ಕೊಲ್ಲಿಸಿದೆ. ಕಿತ್ತಳೆ ತಲೆಯ ಪುಟ್ಟ ಕಪ್ಪು ಹುಳಗಳು ಹಿಂದಿನ ವಾರಾನೇ ಎಲೆ ಮೇಲೆ ಕಂಡಿದ್ವು, ಈ ಮರಿ ಬೆಳೆದ್ರೆ ಅವೇ ಆಗೋದು ಅಂತ ಆಗ ಯೋಚಿಸಲಿಲ್ಲ. ಮುಟ್ಟಿದ್ರೆ ತಿಗಣೆ ಹೆಚ್ಚು ಕಡಿಮೆ ಅಲ್ಲೇ ಇರುತ್ತೆ, ಈ ಮರಿ ಸರಸರ ಓಡುತ್ತೆ. ಮಾಲಿ ಅಣ್ಣ ಹೇಳಿದ್ದೂ ಅದನ್ನೇ ಅಲ್ವಾ.

ಮೂರು ವಾರದಲ್ಲಿ ತಿಗಣೆ ಮೊದಲಿಗಿಂತ ಜೋರಾಗಿ ಬಂತು. ಹತ್ತಿ ಥರದ ಚೀಲದೊಳಗಿನ ಮೊಟ್ಟೆಗೆ ಔಷಧಿ ಸರಿಯಾಗಿ ತಾಗಲ್ಲ, ತಿನ್ನೋ ಹುಳ ಉಳಿದಿಲ್ಲ, ಮೇಲಿಂದ ಅಂಟಿನ ಆಸೆಗೆ ಇರುವೆಗಳ ಕಾವಲು ಬೇರೆ. ಈ ಸಲ ಮುದುಡಿದ ಕುಡಿ ಕತ್ತರಿಸಿ ಕವರ್‌ಗೆ ಕಟ್ಟಿದ್ವಿ, ಪೈಪ್ ನೀರು ಜೋರಾಗಿ ಬಿಟ್ವಿ, ಇರುವೆ ಹತ್ತದಂತೆ ಕಾಂಡಕ್ಕೆ ಅಂಟು ಪಟ್ಟಿ ಸುತ್ತಿದ್ವಿ, ಬಿಸಿಲಿಳಿದ ಮೇಲೆ ಲೀಟರಿಗೆ 5 ಎಂಎಲ್ ಬೇವಿನೆಣ್ಣೆ ಸೋಪಿನ ಜೊತೆ ಕಲಸಿ ಎಲೆ ಅಡಿಗೆ, ಅದೂ ತಿಗಣೆ ಇದ್ದ ಟೊಂಗೆಗೆ ಮಾತ್ರ.

ನಮ್ಮ ಸ್ಪ್ರೇ ರಿಜಿಸ್ಟರಲ್ಲಿ ಎಷ್ಟು ಲೀಟರ್ ಹೊಡೆದ್ರಿ ಅನ್ನೋ ಕಾಲಂ ಇದೆ, ಗಿಡದಲ್ಲಿ ಏನು ಕಂಡ್ರಿ ಅನ್ನೋದಕ್ಕಿಲ್ಲ. ಎರಡು ಸಲ ಕೇಳಿದೆ, ಫಾರ್ಮ್ಯಾಟ್ ಬದಲಾಗಲ್ಲ ಅಂದ್ರು. ಈಗ ಮಾಲಿ ಅಣ್ಣ ನೋಡಿ ಹೇಳ್ತಾರೆ, ನಾನು ಪಕ್ಕದ ಖಾಲಿ ಜಾಗದಲ್ಲಿ ಬರೀತೀನಿ, ಆಮೇಲೇ ಟ್ಯಾಂಕ್‌ಗೆ ನೀರು.